ಕೆರೆಕೋಡಿಯಲ್ಲಿ ನಾನು ಕೂಗುತ್ತಲೇ ಇದ್ದೆ

ಕೇಳಿದವರು ನಂಬಲಿ, ಬಿಡಲಿ, ಇದರಲ್ಲಿ ನಾನು ಒಂದು ಮಾತನ್ನೂ ಸೇರಿಸಿಲ್ಲ. ಸೇರಿಸುವ ಹಾಗಿದ್ದರೆ ಸಮಾಧಾನದ ಒಂದು ಕೊನೆಯನ್ನಾದರೂ ಸೇರಿಸುತ್ತಿದ್ದೆ. ಅಂದು ನನ್ನ ಜೊತೆಗಿದ್ದ ಇಬ್ಬರು ಗೆಳೆಯರು ಹೇಳುವುದೂ ಇದನ್ನೇ... ಅವರು ನಿಂತಿದ್ದ ಕಡೆಯಿಂದ.

ನಾನು ನರಸಾಪುರದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವನು. ಮುನಿರಾಜು ನನ್ನ ಜೊತೆಯವನೇ, ಮುಳಬಾಗಿಲು ಕಡೆಯವನು, ಮನೆಮಾತು ತೆಲುಗು. ಅಫ್ರೋಜ್‌ಗೆ ಮಾಲೂರಿನಲ್ಲಿ ಗ್ಯಾರೇಜಿದೆ. ಮೂವರಿಗೂ ಬೈಕಿನ ಹುಚ್ಚು. ರಜೆ ಸಿಕ್ಕಿದರೆ ಡಾಂಬರು ಬಿಟ್ಟು ಮಣ್ಣಿನ ದಾರಿ ಹುಡುಕಿಕೊಂಡು ಹೊರಡುತ್ತಿದ್ದೆವು.

ಆ ಭಾನುವಾರ ಬೆಳಿಗ್ಗೆ ಶಿವಾರಪಟ್ಟಣದಲ್ಲಿ ಟೀ ಕುಡಿದು, ಅಲ್ಲಿನ ಶಿಲ್ಪಿಗಳ ಉಳಿಪೆಟ್ಟಿನ ಸದ್ದು ಕೇಳುತ್ತಾ ಸ್ವಲ್ಪ ಹೊತ್ತು ಕೂತು, ಕೋಲಾರ ದಾಟಿ ಶ್ರೀನಿವಾಸಪುರ ಸೇರಿದೆವು. ಊಟಕ್ಕೆ ಮುದ್ದೆ, ಸಾರು. ಕೈ ತೊಳೆಯುತ್ತಾ ಮುನಿರಾಜು ಅಂದ, "ಮುಳಬಾಗಿಲಿಗೆ ಮೇನ್ ರೋಡು ಬೇಡ ಕಣ್ರೋ. ತೋಪಿನ ಒಳಗೆ ದಾರಿ ಐತೆ, ನಾನು ಕರ್ಕೊಂಡು ಹೋಗ್ತೀನಿ."

ಮಾವಿನ ಕೊಯ್ಲು ಮುಗಿದಿತ್ತು. ಮೈಲುಗಟ್ಟಲೆ ತೋಪು, ಒಂದು ನರಪಿಳ್ಳೆಯೂ ಇಲ್ಲ. ಮರದಡಿ ಬಿದ್ದು ಕೊಳೆತ ಹಣ್ಣಿನ ಹುಳಿ ವಾಸನೆ. ಎರಡು ಸಲ ದಾರಿ ತಪ್ಪಿದೆವು, ನಕ್ಕೆವು, ಮತ್ತೆ ಹೊರಟೆವು. ಹೀಗೇ ಹೊತ್ತು ಮುಳುಗಿತು.

ಮುಂದಿನವರ ಧೂಳು ಕಣ್ಣಿಗೆ ಬೀಳುತ್ತದೆಂದು ನಾನು ಸ್ವಲ್ಪ ಹಿಂದೆ ಉಳಿದಿದ್ದೆ. ಒಂದು ಬತ್ತಿದ ಕೆರೆಯ ಏರಿ ಬಂತು. ಏರಿಯ ಕೊನೆಯಲ್ಲಿ, ಕೋಡಿಯ ಹತ್ತಿರ ದಾರಿ ಕೆಳಗಿಳಿಯುತ್ತಿತ್ತು. ಅವರಿಬ್ಬರೂ ಇಳಿದು ತಿರುವಿನಲ್ಲಿ ಮರೆಯಾದರು. ನನ್ನ ಮುಂದಿನ ಚಕ್ರ ಮರಳಿನಲ್ಲಿ ಹೂತುಕೊಂಡಿತು.

ಕಣ್ಣು ಬಿಟ್ಟಾಗ ದಾರಿಯ ಪಕ್ಕದಲ್ಲೇ ಬೋರಲಾಗಿ ಬಿದ್ದಿದ್ದೆ. ಬೈಕು ನನ್ನ ಸೊಂಟ, ಕಾಲುಗಳ ಮೇಲೆ ಅಡ್ಡವಾಗಿ ಬಿದ್ದಿತ್ತು. ಬಲಗಾಲಿಗೆ ಬಿಸಿ ಸೈಲೆನ್ಸರ್ ತಾಗಿ ಪ್ಯಾಂಟು ಸುಟ್ಟ ನಾತ. ಟ್ಯಾಂಕಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಮೊಬೈಲು ಜೇಬಿನಿಂದ ಹಾರಿ ದೂರ ಬಿದ್ದಿತ್ತು.

ಎಷ್ಟು ಎಳೆದರೂ ಕಾಲು ಬರಲಿಲ್ಲ. ಭಯವೇನೂ ಆಗಲಿಲ್ಲ. ನಾನು ಕಾಣದಿದ್ದರೆ ಅವರು ತಿರುಗಿ ಬಂದೇ ಬರುತ್ತಾರೆ...

ಬಂದರು. ಅಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. ಎರಡು ಹೆಡ್‌ಲೈಟಿನ ಬೆಳಕು ನೇರ ನನ್ನ ಮುಖದ ಮೇಲೆ ಬಿತ್ತು. ಬೈಕುಗಳು ನಿಂತವು.

"ಅಫ್ರೋಜ್, ಇಲ್ಲಿದ್ದೀನಿ ಕಣೋ," ಎಂದೆ.

ಅಫ್ರೋಜ್ ಇಳಿದು ನನ್ನ ಕಡೆಗೇ ನಡೆದು ಬಂದ. ಅವನ ಬೂಟು ನನ್ನ ಕೈಗೆ ಒಂದು ಗೇಣು ದೂರದಲ್ಲಿ ನಿಂತಿತು.

"ಪೆಟ್ರೋಲ್ ವಾಸನೆ ಬರ್ತೈತೆ ಕಣೋ ಮುನಿ," ಅಂದ. "ಇಲ್ಲೇ ಎಲ್ಲೋ..."

"ಲೇ ನಾಗ," ಎಂದು ಮುನಿರಾಜು ಕತ್ತಲಿಗೆ ಕೂಗಿದ. "ಎಲ್ಲಿದ್ದೀಯೋ?"

ನಾನು ಕೂಗಿದೆ. ಗಂಟಲು ಹರಿಯುವಷ್ಟು ಕೂಗಿದೆ. ನನ್ನ ದನಿ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಅಫ್ರೋಜ್ ಮೊಬೈಲು ತೆಗೆದು ಕಿವಿಗಿಟ್ಟುಕೊಂಡ. ಅವನ ಹಿಂದೆಯೇ, ಹುಲ್ಲಿನಲ್ಲಿ, ನನ್ನ ಮೊಬೈಲು ಬೆಳಗಿ ಜೋರಾಗಿ ಹೊಡೆದುಕೊಂಡಿತು. ಅವನು ತಿರುಗಲಿಲ್ಲ. "ರಿಂಗ್ ಆಗ್ತೈತೆ, ಎತ್ತುತಾ ಇಲ್ಲ," ಅಂದ.

ಕೈ ಚಾಚಿದೆ. ಬೆರಳು ಬೂಟಿಗೆ ಮುಟ್ಟಲಿಲ್ಲ.

ಆಗ ಬೈಕು ಭಾರವಾಯಿತು. ಯಾರೋ ಅದರ ಮೇಲೆ ನಿಧಾನವಾಗಿ ಕೂತ ಹಾಗೆ... ಸ್ಪ್ರಿಂಗು ಕಿರ್ ಎಂದಿತು. ಎದೆ ನೆಲಕ್ಕೆ ಒತ್ತಿ ಉಸಿರು ನಿಂತಂತಾಯಿತು. ಆ ಒಣಗಿದ ಕೆರೆಯ ಪಕ್ಕದಲ್ಲಿ ಒದ್ದೆ ಕಂಬಳಿಯ ವಾಸನೆ. ಕತ್ತು ತಿರುಗಿಸಲು ಆಗಲಿಲ್ಲ.

ಮುನಿರಾಜು ನನ್ನ ತಲೆಯ ಮೇಲ್ಗಡೆ ನೋಡುತ್ತಾ ತೆಲುಗಿನಲ್ಲಿ ಕೇಳಿದ, "ಇಟ್ಲಾ ಒಕ ಬೈಕು ಪೋಯಿಂದಾ ಅನ್ನಾ?" ಈ ಕಡೆ ಒಂದು ಬೈಕು ಹೋಯಿತಾ ಅಣ್ಣಾ, ಅಂತ.

ನನ್ನ ಬೆನ್ನಿನ ಮೇಲಿಂದಲೇ ಉತ್ತರ ಬಂತು. ವಯಸ್ಸಾದ, ಸಮಾಧಾನದ ದನಿ.

"ಮುಂದುಕು ಪೋಯಿನಾಡು."

ಮುಂದೆ ಹೋದ, ಅಂತ.

ಇಲ್ಲ ಮುನಿ, ಇಲ್ಲ, ಅನ್ನಲು ಬಾಯಿ ತೆರೆದೆ. ಉಸಿರೇ ಇರಲಿಲ್ಲ. ಇಬ್ಬರೂ ಬೈಕು ಹತ್ತಿದರು. ಕೆಂಪು ದೀಪಗಳು ತೋಪಿನೊಳಗೆ ಕರಗಿದವು. ಸದ್ದು ಪೂರ್ತಿ ಅಡಗುವವರೆಗೂ ಆ ಭಾರ ನನ್ನ ಮೇಲಿತ್ತು. ಆಮೇಲೆ ಇಳಿಯಿತು. ಹೆಜ್ಜೆಯ ಸದ್ದು ಮಾತ್ರ ಕೇಳಲಿಲ್ಲ. ನಾನು ಮತ್ತೆ ಕೂಗಲಿಲ್ಲ. ಯಾರು ಓಗೊಡುತ್ತಾರೋ ಎಂಬ ಹೆದರಿಕೆ. ಚಿಕ್ಕ ಮಗುವಿನ ಹಾಗೆ ಅತ್ತೆ.

ಎಷ್ಟೋ ಹೊತ್ತಿನ ಮೇಲೆ ಅವರು ಮತ್ತೆ ಬಂದರು. ಮುಂದಿನ ಹಳ್ಳಿಯಲ್ಲಿ ಯಾರೂ ನನ್ನನ್ನು ನೋಡಿಲ್ಲವೆಂದು ತಿಳಿದು, ಅಲ್ಲಿನ ರೈತನೊಬ್ಬನನ್ನು ಟಾರ್ಚಿನ ಸಮೇತ ಕರೆತಂದಿದ್ದರು. ಈ ಸಲ ದೂರದಿಂದಲೇ ಅವರ ಕಣ್ಣಿಗೆ ಬಿದ್ದೆ. ಓಡಿ ಬಂದು ಬೈಕು ಎತ್ತಿದರು.

"ಎಲ್ಲಿ ಹೋಗಿದ್ಯೋ? ಆಗ ಇಲ್ಲೇ ನಿಂತಿದ್ವಲ್ಲೋ," ಎಂದ ಅಫ್ರೋಜ್.

"ನಿನ್ನ ಬೂಟು ನನ್ನ ಕೈ ಹತ್ರ ಇತ್ತು," ಎಂದೆ. "ಯಾರನ್ನ ಮಾತಾಡಿಸಿದ್ರಿ?"

ಮುನಿರಾಜು ಸುತ್ತ ನೋಡಿದ. "ಒಬ್ಬ ಮುದುಕಪ್ಪ ಕಣೋ. ಕಂಬಳಿ ಹೊದ್ದುಕೊಂಡು ಬಂಡೆ ಮೇಲೆ ಕೂತಿದ್ದ..." ಎಂದವನು, ರೈತನ ಕಡೆ ತಿರುಗಿ, "ಆ ಬಂಡೆ ಎಲ್ಲಿ ಯಜಮಾನ್ರೇ?" ಎಂದು ಕೇಳಿದ.

ರೈತ ಟಾರ್ಚನ್ನು ಸುತ್ತಲೂ ಆಡಿಸಿದ. ಮರಳು, ಒಣಹುಲ್ಲು, ನನ್ನ ಬೈಕು. ಅಷ್ಟೇ.

"ಕೋಡಿ ತಾವ ಬಂಡೆ ಯಾವತ್ತೂ ಇಲ್ಲ," ಅಂದ. "ಕಾಲು ನೋವಾದ್ರೂ ಪರವಾಗಿಲ್ಲ, ಎದ್ದೇಳಿ. ಮೊದಲು ಇಲ್ಲಿಂದ ನಡೀರಿ." ಮುದುಕ ಯಾರೆಂದು ಕೇಳಿದರೆ ಟಾರ್ಚು ಹಿಡಿದು ಮುಂದೆ ಹೊರಟೇಬಿಟ್ಟ.

ಮೂಳೆ ಮುರಿದಿರಲಿಲ್ಲ. ಸುಟ್ಟ ಗಾಯ ವಾಸಿಯಾಯಿತು. ಪೆಟ್ಟು ತಿಂದು ನನಗೆ ಮಂಪರು ಬಂದಿರಬೇಕು, ಅವರಿಗೆ ಕತ್ತಲಲ್ಲಿ ಕಂಡಿರಲಿಕ್ಕಿಲ್ಲ ಎಂದು ಡಾಕ್ಟರು ಅಂದರು. ಹಾಗಿದ್ದರೆ ಆ ಮುದುಕ ಆಡಿದ ಮಾತು ನಮ್ಮ ಮೂವರಿಗೂ ಒಂದೇ ರೀತಿ ಕೇಳಿದ್ದು ಹೇಗೆ? ಅಫ್ರೋಜ್ ಬೈಕು ಮಾರಿದ. ಮುನಿರಾಜು ಕ್ಯಾಂಟೀನಿನಲ್ಲಿ ಎದುರಿಗೆ ಕೂತರೂ ಆ ಮಾತೆತ್ತುವುದಿಲ್ಲ.

ಮೊನ್ನೆ ಶಿಫ್ಟ್ ಮುಗಿಸಿ ಮನೆಗೆ ಬಂದೆ. ಹೆಂಡತಿ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ಮಿಕ್ಸಿಯಾಗಲಿ, ಟಿವಿಯಾಗಲಿ ಓಡುತ್ತಿರಲಿಲ್ಲ. ಮೂರನೇ ಸಲ ಕರೆಯಲು ಧೈರ್ಯ ಬರಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದೆ.

ಬೆಚ್ಚಿ ತಿರುಗಿದಳು. "ಯಾವಾಗ ಬಂದ್ರಿ?" ಎಂದಳು. "ಒಂದು ಮಾತು ಕರೀಬಾರ್ದಾ?"