ಬೇಲಿಯಾಚೆಯ ಕ್ಯಾತಮ್ಮ

ನನ್ನ ತಂಗಿ ಕ್ಯಾತಮ್ಮನಷ್ಟು ಬಾಯಿ ಜೋರಿನ ಹೆಂಗಸು ಪುರವರದ ಸುತ್ತಮುತ್ತ ಇರಲಿಲ್ಲ. ಅವಳು ಒಂದು ಕೂಗು ಹಾಕಿದರೆ ಗುಡ್ಡದಾಚೆಯ ಕುರಿಯೂ ತಲೆಯೆತ್ತುತ್ತಿತ್ತು. ಅಂಥವಳನ್ನು ಎಂಬತ್ತೆರಡನೇ ಇಸವಿಯಲ್ಲಿ ಶಿರಾ ಕಡೆಯ ಅವಳ ಗಂಡನ ಮನೆಯವರು ತಂದು ನಮ್ಮ ಹಟ್ಟಿಯ ಮುಂದೆ ಬಿಟ್ಟುಹೋದರು. ರಕ್ತ ನಿಲ್ಲುತ್ತಿಲ್ಲವಂತೆ!

"ಇದು ಮುಟ್ಟಿನ ರಕ್ತ ಅಲ್ಲ ಕಣಕ್ಕಯ್ಯ, ಹೊಟ್ಟೆ ನುಲಿದು ಭೇದಿಲಿ ಬರ್ತೈತೆ" ಎಂದು ಅತ್ತಳು. ನಮ್ಮಿಬ್ಬರ ನಡುವೆ ಹುಟ್ಟಿದವನು ನನ್ನ ತಮ್ಮ ಮುದ್ದಪ್ಪ, ಹಟ್ಟಿಯ ದೇವರ ಪೂಜಾರಿ. ಮುಟ್ಟಾದವರು ಹಟ್ಟಿ ಸುತ್ತಲಿನ ಮುಳ್ಳಿನ ಕಳ್ಳೆಬೇಲಿಯಾಚೆ ಗುಡಿಸಲಲ್ಲಿರಬೇಕೆಂಬುದು ನಮ್ಮ ಹಿರಿಯರ ಕಟ್ಟು. ಅವನು, "ರಕ್ತ ಅಂದ್ರೆ ರಕ್ತ. ನಿಂತ್ಮೇಲೆ ಒಳೀಕ್ ಬರ್ಲಿ" ಎಂದುಬಿಟ್ಟ. ಒಡಹುಟ್ಟಿದವಳ ಮುಖವನ್ನೂ ನೋಡಲಿಲ್ಲ, ಕಲ್ಲೆದೆಯವನು.

ಆ ವರ್ಷದ ಮಳೆಗಾಲ, ಚಳಿಗಾಲ ಎಲ್ಲವೂ ಅವಳಿಗೆ ಅಲ್ಲೇ ಕಳೆದವು. ನಾನು ಅದೇ ಹಟ್ಟಿಯ ಇನ್ನೊಂದು ಮನೆಗೆ ಸೊಸೆಯಾಗಿ ಸೇರಿದವಳು, ಬೇಲಿಯ ಬಾಯಿಗೆ ಮುದ್ದೆ, ಮಜ್ಜಿಗೆ ಇಟ್ಟು ಬರುತ್ತಿದ್ದೆ. ಅವಳ ದನಿ ಉಡುಗುತ್ತಾ ಹೋಗಿ, ಕರೆದರೆ ನಾಯಿಯೂ ತಿರುಗದಂತಾಯಿತು.

ಅಷ್ಟರಲ್ಲಿ ಮುದ್ದಪ್ಪನ ಕಣ್ಣು ಅರಿಶಿನ ಬಳಿದಂತಾಯಿತು. ಮೈಯೆಲ್ಲ ತುರಿಕೆ. ಕಾಮಾಲೆಯೆಂದು ನೆಲನೆಲ್ಲಿ ಅರೆದು ಕುಡಿಸಿದೆವು, ತೋಳಿಗೆ ಬರೆ ಹಾಕಿಸಿದೆವು. ಊಹೂಂ. ಟೀಯನ್ನೂ ಮುಟ್ಟದವನನ್ನು ಕುಡುಕ ಎಂದು ಜನ ಆಡಿಕೊಂಡರು. ಕೊನೆಗೆ ಮಧುಗಿರಿಯ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ನಾನೇ ಜೊತೆಗೆ ಹೋದೆ.

ಅಲ್ಲಿ ಬಾಯಿಂದ ಕೊಳವೆ ಇಳಿಸಿ ನೋಡಿದ ಡಾಕ್ಟರು, ಪಿತ್ತ ಹರಿಯುವ ನಾಳ ಅಲ್ಲಲ್ಲಿ ಕಿರಿದಾಗಿದೆ ಎಂದರು. ಆಮೇಲೆ, "ಭೇದಿಯಲ್ಲಿ ರಕ್ತ ಹೋಗುತ್ತಾ?" ಎಂದು ಕೇಳಿದರು.

ನಾನು ನಕ್ಕೇಬಿಟ್ಟೆ. "ಅವ್ನು ಪೂಜಾರಿ ಸ್ವಾಮಿ, ಅವ್ನಿಗ್ಯಾಕೆ? ಅದು ನಮ್ ತಂಗಿಗೆ."

"ತಂಗಿಗಾ?" ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. "ಪಿತ್ತನಾಳದ ಈ ಕಾಯಿಲೆ, ದೊಡ್ಡ ಕರುಳಿನ ಹುಣ್ಣು, ಎರಡೂ ಎಷ್ಟೋ ಸಲ ಒಬ್ಬರಲ್ಲೇ ಇರುತ್ತವೆ. ಕೆಲವು ಮನೆಗಳಲ್ಲಿ ಒಡಹುಟ್ಟಿದವರಿಗೂ ಬರುತ್ತವೆ. ವಂಶದಲ್ಲೇ ಏನೋ ಇದೆ, ಏನು ಅಂತ ಇನ್ನೂ ಹುಡುಕ್ತಿದ್ದಾರೆ. ಆಕೆಗೆ ಮಾತ್ರೆ ಕೊಡಬಹುದು, ಕರ್ಕೊಂಡು ಬನ್ನಿ." ತಮ್ಮನ ಕಡೆ ತಿರುಗಿದರು. "ನಿಜ ಹೇಳಪ್ಪ, ನಿನಗೆ?"

ಮುದ್ದಪ್ಪ ನೆಲ ನೋಡುತ್ತಾ ಹೇಳಿದ. "ಹೋಗ್ತೈತೆ ಸ್ವಾಮಿ. ಮೂರು ವರ್ಷಾಯ್ತು."

ಅಯ್ಯೋ ದೇವರೇ! ಬಸ್ಸಿನಲ್ಲಿ ಕೊರಟಗೆರೆ ದಾಟಿದರೂ ಅವನ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ.

ಹಟ್ಟಿಗೆ ಬಂದವನು ಗುಡಿಯ ಕಡೆ ಹೋಗದೆ ನೇರ ಗುಡಿಸಲಿಗೆ ನಡೆದ. "ಕ್ಯಾತಿ, ಏಳವ್ವ. ಮನೆಗೋಗಾನ."

"ಇನ್ನೂ ನಿಂತಿಲ್ವಲ್ಲ ಅಣ್ಣಯ್ಯ. ದೇವ್ರು ಮುನಿಯಾಕಿಲ್ವಾ?"

"ನಂಗೂ ಹೋಗ್ತೈತೆ ಕಣವ್ವ, ಅದೇ ಕಾಯಿಲೆ. ಮೂರು ವರ್ಷ ನನ್ ಕೈಲೇ ಪೂಜೆ ಮಾಡಿಸ್ಕಂಡೈತೆ. ದೇವ್ರು ಏನೂ ಅಂದಿಲ್ಲ."

ಅವಳು ಅವನನ್ನೇ ದಿಟ್ಟಿಸಿದಳು. "ಮೂರು ವರ್ಷಾನಾ? ಅಂಗಾರೆ ನನ್ನ ಇಲ್ಲಿ ಕೂರಿಸ್ದಾಗ್ಲೇ ನಿಂಗೆ ಬರ್ತಿತ್ತಾ?"

ಕ್ಯಾತಮ್ಮ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡು ಅವನನ್ನು ದಾಟಿ ನನ್ನ ಬಳಿ ಬಂದಳು.

"ಅಕ್ಕಯ್ಯ, ನಿನ್ ಮನೇಲಿ ಜಾಗ ಐತಾ?"

ನಾನು ಅವಳ ಕೈ ಹಿಡಿದು ಬೇಲಿಯೊಳಗೆ ಕರೆದುಕೊಂಡು ಬಂದೆ. ತಿರುಗಿ ನೋಡಿದರೆ, ಮುದ್ದಪ್ಪ ಇನ್ನೂ ಆಚೆಯೇ ನಿಂತಿದ್ದ.