ಕೈ ಹೋದ ಜಾಗ

ನಮ್ಮ ಊರಿನ ಬಸ್ ನಿಲ್ದಾಣದಲ್ಲಿ ದಿನವೂ ಊರಿಗೆ ಊರೇ ಕೇಳುವ, ಆದರೆ ಒಬ್ಬರೂ ಕಿವಿಗೊಡದ ದನಿಯೊಂದಿದೆ. ‘ಪ್ರಯಾಣಿಕರ ಗಮನಕ್ಕೆ’ ಎಂದು ಅದು ಶುರುವಾಗುತ್ತದೆ. ಗಮನ ಕೊಡುವ ಪ್ರಯಾಣಿಕ ಮಾತ್ರ ಇನ್ನೂ ಹುಟ್ಟಿಲ್ಲ. ಯಾವ ಬಸ್ಸು, ಯಾವ ಪ್ಲಾಟ್‌ಫಾರ್ಮು ಎಂದು ಹೇಳಿ ಮುಗಿಸುವಷ್ಟರಲ್ಲಿ ಒಬ್ಬ ಓಡಿಬಂದು, ಗಾಜಿನ ತೂತಿಗೆ ಬಾಯಿಟ್ಟು, ಈಗಷ್ಟೇ ಹೇಳಿದ್ದನ್ನೇ ಕೇಳುತ್ತಾನೆ. ಗಾಜಿನ ಹಿಂದೆ ಕೂತವಳು ಫ್ಲಾಸ್ಕಿನ ಬಿಸಿನೀರು ಒಂದು ಗುಟುಕು ಕುಡಿದು, ಮುಖ ಗಂಟಿಕ್ಕದೆ ಇನ್ನೊಂದು ಸಲ ಹೇಳುತ್ತಾಳೆ. ಅವಳನ್ನು ನಾವು ಸ್ಟ್ಯಾಂಡಕ್ಕ ಎನ್ನುತ್ತೇವೆ.

ನಾವು ಎಂದರೆ, ಹಾಡು ತಾವೇ ಕಟ್ಟಿ, ತಾವೇ ಹಾಡಿ, ತಾವೇ ರೆಕಾರ್ಡ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿ, ಆಮೇಲೆ ಮನೆಯವರ ಫೋನುಗಳನ್ನೆಲ್ಲ ಕಸಿದುಕೊಂಡು ತಾವೇ ಕೇಳುವ ಜನ. ನಮ್ಮ ಬೆನ್ನಿಗೆ ಯಾವ ಕಂಪನಿಯೂ ಇಲ್ಲ, ಬೆನ್ನುನೋವು ಮಾತ್ರ ಇದೆ. ನನ್ನದನ್ನೇ ಹೇಳುವುದಾದರೆ, ಹಗಲಿಡೀ ವಾಷಿಂಗ್ ಮಷೀನ್ ಕಂಪನಿಯ ಕಸ್ಟಮರ್ ಕೇರ್‌ನಲ್ಲಿ ಕೂತು, ಬೈದು ಬರೆದವರಿಗೆ ಉತ್ತರ ಟೈಪ್ ಮಾಡುತ್ತೇನೆ. ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ.’ ಮಷೀನು ಅಂಗಿ ಹರಿದರೂ ಇದೇ ಉತ್ತರ, ಅಡುಗೆಮನೆಗೆ ನೀರು ನುಗ್ಗಿದರೂ ಇದೇ ಉತ್ತರ. ಸಂಜೆ ಮನೆಗೆ ಬಂದು ಗಿಟಾರ್ ಬಾರಿಸುತ್ತೇನೆ. ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಅಮ್ಮ ಬಾಗಿಲಲ್ಲಿ ನಿಂತು, “ಆ ವಿಷಾದ ಅಂತ ಟೈಪ್ ಮಾಡ್ತೀಯಲ್ಲ, ಅದನ್ನ ಈ ಬೀದಿಯವರಿಗೂ ಒಂದು ಕಳಿಸಪ್ಪ” ಎನ್ನುತ್ತಾಳೆ.

ಸ್ಟ್ಯಾಂಡಕ್ಕ ಹಾಡು ಕಟ್ಟುವುದು ಒಂದು ಬಸ್ಸಿಗೂ ಇನ್ನೊಂದು ಬಸ್ಸಿಗೂ ನಡುವಿನ ಬಿಡುವಿನಲ್ಲಿ. ರೆಕಾರ್ಡ್ ಮಾಡುವುದು ಮನೆಯ ಬಟ್ಟೆ ಬೀರುವಿನಲ್ಲಿ. ಅವಳ ಗಂಡ, ನಮ್ಮೆಲ್ಲರ ಭಾವ, ಬೇಕರಿಯಲ್ಲಿ ರಾತ್ರಿಪಾಳಿ ಮಾಡಿ ಹಗಲು ಮಲಗುತ್ತಾರೆ. ಹಾಡು ಅವರ ನಿದ್ದೆ ಕೆಡಿಸಬಾರದು, ಅವರ ಗೊರಕೆ ಹಾಡನ್ನು ಕೆಡಿಸಬಾರದು. ಹಾಗಾಗಿ ಅಕ್ಕ ಬೀರುವಿನ ಬಾಗಿಲು ತೆರೆದು, ನೇತುಹಾಕಿದ ಅಂಗಿಗಳ ನಡುವೆ ತಲೆ ತೂರಿಸಿ, ಮೇಲೆ ಕಂಬಳಿ ಹೊದ್ದು ಹಾಡುತ್ತಾಳೆ. ನೋಡಿದವರಿಗೆ ಅಂಗಿಗಳ ಹತ್ತಿರ ಗುಟ್ಟು ಹೇಳುತ್ತಿದ್ದಾಳೆ ಅನ್ನಿಸಬೇಕು. ಅವಳ ಮೊದಮೊದಲ ಹಾಡುಗಳಲ್ಲಿ ಹ್ಯಾಂಗರ್ ಕಿರಗುಟ್ಟುವುದು ಸ್ಪಷ್ಟವಾಗಿ ಕೇಳುತ್ತದೆ.

ಮೊದಲ ಹಾಡನ್ನು ಅವಳು ನೆಂಟರ ಗ್ರೂಪಿಗೆ ಹಾಕಿದಳು. ಪಲ್ಲವಿ ಮುಗಿಯುವಷ್ಟು ಹೊತ್ತೂ ಆಗಿರಲಿಲ್ಲ, ಸೋದರಮಾವನಿಂದ ‘ಸೂಪರ್’ ಬಂತು. ಅತ್ತಿಗೆಯಿಂದ ಹೂಗುಚ್ಛ, ನಾದಿನಿಯಿಂದ ಚಪ್ಪಾಳೆ. ಅದರ ಹಿಂದೆಯೇ ಯಾರದೋ ಮಗುವಿನ ಫೋಟೋ ಬಂದು ಹಾಡು ಮೇಲೆ ಸರಿದು ಮಾಯವಾಯಿತು.

“ಅವತ್ತು ನಂಗೆ ಗೊತ್ತಾಯ್ತು ಕಣೋ, ನಾನು ಮನೇಲೂ ಅನೌನ್ಸರ್ರೇ” ಎಂದು ಆಮೇಲೆ ನನ್ನ ಹತ್ತಿರ ಹೇಳಿದ್ದಳು. “ಒಂದೇ ಆಸೆ ನಂದು. ನನ್ನ ದನಿ ಕೇಳಿ ಯಾರಾದ್ರೂ ಒಬ್ರು ನಿಂತ್ಕೋಬೇಕು. ಬಸ್ ತಪ್ಪಿದ್ರೆ ತಪ್ಪಲಿ ಅಂತ ನಿಂತ್ಕೋಬೇಕು.”

ಆ ಸಿಟ್ಟಿನಲ್ಲಿ ಹುಟ್ಟಿದ್ದು ನಮ್ಮ ಪುಟ, ‘ಕೈ ಹೋದ ಜಾಗ’. ಅಲ್ಲಿ ನಮ್ಮಂಥವರು ಒಬ್ಬರ ಹಾಡಿಗೆ ಇನ್ನೊಬ್ಬರು ವಿಮರ್ಶೆ ಬರೆಯುತ್ತೇವೆ. ನಿನ್ನ ಹಾಡು ಹಾಕಬೇಕೆಂದರೆ ಮೊದಲು ಇನ್ನೊಬ್ಬನ ಹಾಡು ಪೂರ್ತಿ ಕೇಳಿರಬೇಕು. ಕೇಳುವಾಗ, ಸಾಕಪ್ಪ ಎಂದು ನಿಲ್ಲಿಸಲು ನಿನ್ನ ಕೈ ಎಲ್ಲಿ ಫೋನಿಗೆ ಹೋಯಿತು ಎಂದು ಬರೆಯಬೇಕು. ಎಲ್ಲಿ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿದೆ ಎಂದೂ ಬರೆಯಬೇಕು. ‘ಸೂಪರ್’ ಎಂದು ಬರೆದವನನ್ನು ಅಕ್ಕ ಮಾತಿಲ್ಲದೆ ಹೊರಗೆ ಹಾಕುತ್ತಾಳೆ. ಭಾವನೇ ಒಮ್ಮೆ ಹೊರಗೆ ಬಿದ್ದು, ಬನ್ನು ಕೊಟ್ಟು ಒಳಗೆ ಬಂದರು.

ನನ್ನ ಮೊದಲ ಹಾಡಿಗೆ ಅಕ್ಕ ಬರೆದ ವಿಮರ್ಶೆ ನನಗೆ ಬಾಯಿಪಾಠವಾಗಿದೆ. ‘ಗಿಟಾರಿಗೆ ಶ್ರುತಿ ಮಾಡಿಕೊಳ್ಳುತ್ತಿದ್ದಾನೆ ಅಂದುಕೊಂಡು ಕಾಯುತ್ತಿದ್ದೆ. ಹಾಡೇ ಶುರುವಾಗಿದೆ ಎಂದು ಗೊತ್ತಾದಾಗ ಕೈ ಹೋಯಿತು. ಕೊನೆಯಲ್ಲಿ ಹಿಂದಿನಿಂದ ನಿಮ್ಮಮ್ಮ “ಊಟಕ್ಕೆ ಬರ್ತೀಯೋ ಇಲ್ವೋ” ಅಂದದ್ದನ್ನು ಇನ್ನೊಮ್ಮೆ ಕೇಳಿದೆ. ಅಲ್ಲಿ ಲಯ ಇದೆ.’

ಅಮ್ಮನಿಗೆ ಓದಿ ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು, “ಯಾರಪ್ಪ ಆ ಹುಡುಗಿ? ಸಂಗೀತ ತಿಳಿದವಳು” ಎಂದಳು.

ಮೂರು ದಿನ ಗಿಟಾರ್ ಮುಟ್ಟಲಿಲ್ಲ. ಆಮೇಲೆ ಮುಟ್ಟಿದೆ, ಶ್ರುತಿ ಮಾಡಿಕೊಂಡು. ಪುಟದ ಉಪಕಾರವೆಂದರೆ ಇದೇ. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ, ಕೊಳಲು ಊದುವ ಹಿರಿಯರೊಬ್ಬರಿದ್ದಾರೆ, ನಮಗೆಲ್ಲ ಚಿಕ್ಕಪ್ಪ. ಅವರು ಹೇಳುವಂತೆ, “ಹೊಗಳಿಕೆ ಬೇಕಾದ್ರೆ ಕನ್ನಡಿ ಮುಂದೆ ನಿಂತ್ಕೊಳ್ರೋ. ಇಲ್ಲಿ ಬಂದ್ರೆ ಗಾಯಕ್ಕೆ ಡ್ರೆಸ್ಸಿಂಗ್ ಮಾತ್ರ, ಉರಿಯುತ್ತೆ.”

ಹೀಗಿರುವಾಗ ಅಕ್ಕ ಒಂದು ಹಾಡು ಹಾಕಿದಳು. ನಿಲ್ದಾಣದ ಬೆಂಚಿನ ಮೇಲೆ ನಿದ್ದೆ ಹೋದ ಹೆಂಗಸೊಬ್ಬಳ ಹಾಡು. ಬಸ್ಸುಗಳು ಬರುತ್ತವೆ, ಹೋಗುತ್ತವೆ, ಅವಳನ್ನು ಎಬ್ಬಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ವಿಮರ್ಶೆ ಬರೆಯುವ ಸರದಿ ನನ್ನದು. ಮೊದಲ ಚರಣವನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಆಫೀಸಿನಲ್ಲಿ ಒಂದು ಕಿವಿಗೆ ಅದನ್ನು ಹಾಕಿಕೊಂಡು, ಮಷೀನು ಕುಣಿಯುತ್ತದೆ ಎಂದು ಬರೆದವರೊಬ್ಬರಿಗೆ ‘ಎಬ್ಬಿಸಬೇಡಿ’ ಎಂದು ಟೈಪ್ ಮಾಡಿ ಬೈಸಿಕೊಂಡೆ. ಆದರೆ ಮೂರನೇ ಚರಣಕ್ಕೆ ಬಂದಾಗ ಪ್ರತಿ ಸಲವೂ ಕೈ ಹೋಯಿತು. ಯಾಕೆಂದು ಹುಡುಕಿ ಹುಡುಕಿ ಕೊನೆಗೆ ಬರೆದೆ: ‘ಮೂರನೇ ಚರಣದಲ್ಲಿ ಹಾಡುವವಳು ಎದ್ದು ಹೋದಳು. ಅವಳ ಕುರ್ಚಿಯಲ್ಲಿ ಅನೌನ್ಸರ್ ಬಂದು ಕೂತಳು. ದನಿ ತಪ್ಪಿಲ್ಲ, ಸುಕ್ಕು ಇಲ್ಲ, ಇಸ್ತ್ರಿ ಮಾಡಿದ ಹಾಗಿದೆ. ಮಲಗಿದವಳಿಗೆ ಇವಳು ಯಾವ ಬಸ್ಸು ಎಂದು ಹೇಳುತ್ತಿದ್ದಾಳೆ, ಅಷ್ಟೆ.’

ಬರೆದು ಕಳಿಸಿದ ಮೇಲೆ ದಿನಕ್ಕೆ ಹತ್ತು ಸಲ ಪುಟ ತೆರೆದು ನೋಡಿದೆ. ಚಿಕ್ಕಪ್ಪ ಫೋನ್ ಮಾಡಿ, “ಚುಚ್ಚೋದೇನೋ ಚುಚ್ಚಿದೆ, ಸೂಜಿ ಅಲ್ಲೇ ಬಿಟ್ಟು ಬಂದಿದ್ಯಲ್ಲೋ” ಎಂದರು. ಕೊನೆಗೆ ಒಂದು ದಿನ ನನ್ನ ವಿಮರ್ಶೆಯ ಕೆಳಗೆ ಅವಳ ಸಾಲು ಕಾಣಿಸಿತು: ‘ಇನ್ನೊಮ್ಮೆ ಕೇಳಿದೆ. ಬಂದು ಕೂತವಳು ಆ ಅನೌನ್ಸರ್ರೇ. ಎಬ್ಬಿಸಿ ಕಳಿಸುತ್ತೇನೆ.’

ಅಷ್ಟರಲ್ಲಿ ಕಂಪನಿಯವನು ಬಂದ.

ಹಾಡುಗಳನ್ನು ಕೊಂಡು, ಚಿತ್ರ ಸೇರಿಸಿ, ಎಲ್ಲ ಕಡೆ ಹಬ್ಬಿಸುವ ಕಂಪನಿ ಅದು. ಅವರು ಹಿಡಿದ ಹಾಡು ಅಂಗಡಿಯಲ್ಲಿ, ಆಟೋದಲ್ಲಿ, ಕಟಿಂಗ್ ಶಾಪಿನಲ್ಲಿ ಬೇಡವೆಂದರೂ ಕೇಳುತ್ತದೆ. ಬೆಂಚಿನ ಹಾಡು ತಮಗೆ ಬೇಕು ಎಂದು ಅವನು ಅಕ್ಕನಿಗೆ ಫೋನ್ ಮಾಡಿದ. ಆದರೆ ಎರಡು ಮಾತು. ಮೂರನೇ ಚರಣದ ದನಿ ಬಹಳ ಸೊಗಸಾಗಿದೆ, ಇಡೀ ಹಾಡನ್ನು ಅದೇ ದನಿಯಲ್ಲಿ ಹಾಡಿಕೊಡಬೇಕು. ಇನ್ನೊಂದು, ಆ ವಿಮರ್ಶೆ ಅಳಿಸಬೇಕು. ತಮ್ಮ ಕಲಾವಿದರ ಹೆಸರಿನ ಕೆಳಗೆ ‘ಕೈ ಹೋಯಿತು’ ಎಂಬ ಮಾತು ಇರಕೂಡದು.

ಅಕ್ಕನ ಮನೆಯಲ್ಲಿ ಸೇರಿದೆವು. ಭಾವ ಆಗಷ್ಟೇ ಎದ್ದು, ಕೆನ್ನೆ ಮೇಲೆ ದಿಂಬಿನ ಗೆರೆ ಹೊತ್ತು ಕೂತಿದ್ದರು.

“ಒಂದು ವಿಮರ್ಶೆ ತಾನೇ? ಅಳಿಸಿ ಬಿಸಾಕೇ. ಎಷ್ಟು ವರ್ಷ ಬೀರೂಲಿ ತಲೆ ಇಟ್ಕೊಂಡು ಹಾಡ್ತೀಯಾ?” ಎಂದರು ಭಾವ. ಅದರಲ್ಲಿ ಸಿಟ್ಟಿರಲಿಲ್ಲ, ಹೆಂಡತಿ ದೊಡ್ಡವಳಾಗಲಿ ಎಂಬ ಆಸೆ ಇತ್ತು.

ನಾನಂತೂ ಫೋನ್ ಕೈಯಲ್ಲೇ ಹಿಡಿದಿದ್ದೆ. “ಅಕ್ಕ, ಬರೆದವನು ನಾನೇ, ನಾನೇ ಅಳಿಸ್ತೀನಿ. ಬೇಕಾದ್ರೆ ಅದರ ಜಾಗದಲ್ಲಿ...”

“ಏನು ಹಾಕ್ತೀಯ? ಸೂಪರ್ ಅಂತಾನಾ?”

ನಾನು ಫೋನ್ ಜೇಬಿಗೆ ಹಾಕಿಕೊಂಡೆ.

“ನೋಡೋ” ಎಂದಳು ಅಕ್ಕ. “ನೀನೊಬ್ಬನೇ ಆ ಹಾಡಿನ ಮುಂದೆ ನಿಂತವನು. ನಿಂತು, ಎಲ್ಲಿ ಸುಳ್ಳು ಹೇಳಿದೀನಿ ಅಂತ ಬೆರಳಿಟ್ಟು ತೋರಿಸಿದೆ. ನಂಗೆ ಉರೀತು. ಊಟ ಸೇರ್ಲಿಲ್ಲ. ಈಗ ಯಾವನೋ ಬಂದು, ಆ ಸುಳ್ಳೇ ಚೆನ್ನಾಗಿದೆ, ಪೂರ್ತಿ ಅದನ್ನೇ ಹಾಡು ಅಂತಾನೆ. ನನ್ನ ಹಾಡಿನ ವಿಮರ್ಶೆ ಅಳಿಸಿದ್ರೆ ನಾನು ಬೇರೆಯವರಿಗೆ ಬರೆದಿದ್ದೆಲ್ಲ ಏನಾಗುತ್ತೆ? ಚಿಕ್ಕಪ್ಪನ ಕೊಳಲಿಗೆ ಕುಕ್ಕರ್ ಅಂದಿದೀನಿ.”

“ಅದು ನಿಜವಾಗ್ಲೂ ಕುಕ್ಕರ್ ತರಾನೇ ಇತ್ತು” ಎಂದರು ಚಿಕ್ಕಪ್ಪ ಗಂಭೀರವಾಗಿ.

ಭಾವ ದಿಂಬಿನ ಗೆರೆ ಸವರಿಕೊಂಡರು. “ಮತ್ತೆ ಅವನಿಗೆ ಏನಂತ ಹೇಳ್ತೀಯೆ?” ಎಂದರು.

“ನಾಳೆ ಸ್ಟ್ಯಾಂಡಿಗೇ ಬರ್ತಾನಂತೆ. ಅಲ್ಲೇ ಹೇಳ್ತೀನಿ.”

ಮರುದಿನ ನಾನು ಆಫೀಸಿಗೆ ಹೊಟ್ಟೆನೋವು ಎಂದು ಹೇಳಿ ನಿಲ್ದಾಣಕ್ಕೆ ಹೋದೆ. ಅವರಿಂದ ‘ವಿಷಾದಿಸುತ್ತೇವೆ’ ಎಂದು ಉತ್ತರ ಬಂತು. ಕ್ಯಾಬಿನ್ ಎಂದರೆ ಒಂದು ಮೇಜು, ಸ್ಪಂಜು ಕಿತ್ತುಹೋದ ಮೈಕು, ಮಾತಾಡುವಾಗ ಆರಿಸಲೇಬೇಕಾದ ಫ್ಯಾನು. ಮೈಕಿನ ಬುಡದಲ್ಲಿ ಕೆಂಪು ಗುಂಡಿ. ಒತ್ತಿದರೆ ದನಿ ಹೊರಗೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಆದರೆ ಹಳೆಯ ಗುಂಡಿ, ಒಮ್ಮೊಮ್ಮೆ ಬಿಟ್ಟರೂ ಅಂಟಿಕೊಂಡೇ ಇರುತ್ತದೆ. ಒಮ್ಮೆ ಅಕ್ಕ ಸೀನಿದ್ದು ಇಡೀ ನಿಲ್ದಾಣಕ್ಕೆ ಕೇಳಿ, ಡ್ರೈವರುಗಳೆಲ್ಲ ಹಾರನ್ ಹೊಡೆದಿದ್ದರು.

ಕಂಪನಿಯವನು ಒಳಗೆ ಕೂತಿದ್ದ. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಅಕ್ಕ ಒಂದು ಬಸ್ಸಿನ ಘೋಷಣೆ ಮುಗಿಸಿ, ಫ್ಯಾನ್ ಹಾಕಿ, ಅವನ ಕಡೆ ತಿರುಗಿದಳು.

“ಮೇಡಂ, ಈಗ ಮಾತಾಡಿದ್ರಲ್ಲ, ಇದೇ ದನಿ!” ಎಂದ ಅವನು. “ಇದೇ ನಮಗೆ ಬೇಕು.”

ಅವನ ಮಾತು ಹೊರಗಿನ ಸ್ಪೀಕರುಗಳಿಂದ ದೊಡ್ಡದಾಗಿ ಬಂತು. ಗುಂಡಿ ಅಂಟಿಕೊಂಡಿತ್ತು. ಅಥವಾ ಅಕ್ಕನ ಬೆರಳು ಅಂಟಿಕೊಂಡಿತ್ತು. ಇವತ್ತಿಗೂ ಕೇಳಿದರೆ ನಗುತ್ತಾಳೆ.

“ಈ ದನಿ ಇಲ್ಲಿ ದಿನಾ ಬಿಟ್ಟಿ ಸಿಗುತ್ತೆ ಸಾರ್” ಎಂದಳು ಅಕ್ಕ. ಅದೂ ಹೊರಗೆ ಹೋಯಿತು. “ಯಾರೂ ಕೇಳಲ್ಲ. ಇದನ್ನ ನೀವು ತಗೊಂಡು ಹೋಗಿ ಏನು ಮಾಡ್ತೀರಿ? ವಿಮರ್ಶೆ ಅಳಿಸಲ್ಲ. ಅದನ್ನ ಬರೆದವನು ನನ್ನ ಹಾಡು ಕೇಳಿದಾನೆ. ನೀವು ಕೇಳಿಲ್ಲ. ಮೂರನೇ ಚರಣ ಹೇಗೆ ಹಾಡ್ಬೇಕಿತ್ತು ಅಂತ ಈಗ ಹಾಡ್ತೀನಿ, ಕೇಳಿ.”

ಕೈ ಚಾಚಿ ಫ್ಯಾನ್ ಆರಿಸಿದಳು. ಹಾಡಿದಳು.

ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ಒರಟಾಗಿತ್ತು, ಒಂದು ಕಡೆ ಒಡೆಯಿತು, ಒಡೆದ ಜಾಗದಲ್ಲಿ ಅವಳು ನಿಲ್ಲಲಿಲ್ಲ. ಹೊರಗೆ ಮೊದಲು ನಿಂತದ್ದು ಕಸ ಗುಡಿಸುವವಳು, ಪೊರಕೆ ಗದ್ದಕ್ಕೆ ಊರಿಕೊಂಡು. ಆಮೇಲೆ ಎರಡು ಚೀಲ ಹಿಡಿದ ಒಬ್ಬ ದಪ್ಪ ಮನುಷ್ಯ. ಆಮೇಲೆ ಎಷ್ಟೋ ಜನ, ಬಾಯಿ ಮುಚ್ಚಿ, ಕತ್ತೆತ್ತಿ ಸ್ಪೀಕರ್ ನೋಡುತ್ತ, ಅಲ್ಲಿ ಯಾರೋ ಕಾಣಿಸಬಹುದೆಂಬಂತೆ. ಹಾಡು ಮುಗಿದಾಗ ಚಪ್ಪಾಳೆ ಬೀಳಲಿಲ್ಲ. ಕಂಪನಿಯವನು ಬ್ಯಾಗಿನ ಜಿಪ್ ಎಳೆದುಕೊಂಡು, “ನಿಮ್ಮಿಷ್ಟ ಮೇಡಂ, ಇಂಥ ಚಾನ್ಸ್ ಇನ್ನೊಂದ್ಸಲ ಬರಲ್ಲ” ಎಂದ.

“ಬರದಿದ್ರೆ ಇಲ್ಲೇ ಹಾಡ್ತೀನಿ. ನಿಮ್ಮ ಬಸ್ಸು ಎರಡನೇ ಪ್ಲಾಟ್‌ಫಾರ್ಮು” ಎಂದಳು ಅಕ್ಕ, ಅನೌನ್ಸರ್ ದನಿಯಲ್ಲಿ.

ಅವನು ಹೊರಟ ಬೆನ್ನಿಗೇ ಎರಡು ಚೀಲದ ದಪ್ಪ ಮನುಷ್ಯ ಗಾಜಿನ ತೂತಿಗೆ ಬಾಯಿಟ್ಟ. ಮುಖ ಕೆಂಪಾಗಿತ್ತು.

“ಏನಮ್ಮ ಇದು? ನಿನ್ನ ಹಾಡು ಕೇಳ್ತಾ ನಿಂತು ನನ್ನ ಬಸ್ಸು ಹೊರಟೇ ಹೋಯ್ತಲ್ಲ! ಕಣ್ಣೆದುರಿಗೇ ಹೋಯ್ತು!”

ಅಕ್ಕ ಅವನನ್ನು ನೋಡಿದಳು. ಬಿಸಿನೀರು ಕುಡಿಯಲು ಫ್ಲಾಸ್ಕ್ ಎತ್ತಿದ ಕೈ ಅಲ್ಲೇ ನಿಂತಿತ್ತು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. “ಇನ್ನೊಂದ್ಸಲ ಹೇಳಿ ಅಣ್ಣ” ಎಂದಳು.

“ನಿನ್ನಿಂದ ಬಸ್ ತಪ್ಪಿತು ಅಂದೆ!”

ನಿಲ್ದಾಣದ ಮ್ಯಾನೇಜರ್ ಅವತ್ತೇ ಅವಳನ್ನು ಕರೆಸಿ ಬೈದರು. ಇನ್ನೊಮ್ಮೆ ಹೀಗಾದರೆ ಕ್ಯಾಬಿನ್ ಬಿಡಿಸುತ್ತೇನೆ ಎಂದರು. ಹಾಗಿದ್ದರೆ ಗುಂಡಿ ರಿಪೇರಿ ಮಾಡಿಸಿ ಎಂದು ಅಕ್ಕ ಅರ್ಜಿ ಕೊಟ್ಟಳು. ಗುಂಡಿ ಇನ್ನೂ ಹಾಗೇ ಇದೆ.

ಅದೇ ವಾರ ಅವಳು ಮೂರನೇ ಚರಣವನ್ನು ಹೊಸದಾಗಿ ಹಾಡಿ, ಬೆಂಚಿನ ಹಾಡನ್ನು ತಾನೇ ಹೊರತಂದಳು, ಬೀರುವಿನೊಳಗಿಂದಲೇ. ಗಿಟಾರ್ ನನ್ನದು. ಗಿಟಾರ್ ಬಂದ ಜಾಗದಲ್ಲಿ ಕೈ ಹೋಯಿತು ಎಂದು ಚಿಕ್ಕಪ್ಪ ಬರೆದಿದ್ದಾರೆ. ಹಳೆಯ ಹಾಡನ್ನು ಅಕ್ಕ ತೆಗೆಯಲಿಲ್ಲ, ನನ್ನ ವಿಮರ್ಶೆಯನ್ನೂ ತೆಗೆಯಲಿಲ್ಲ. ಬದಲಿಗೆ ಅದನ್ನು ಎಲ್ಲಕ್ಕಿಂತ ಮೇಲೆ, ಮೊದಲು ಕಣ್ಣಿಗೆ ಬೀಳುವಂತೆ ಅಂಟಿಸಿದಳು. ಅದನ್ನು ನೋಡಿ ನಾವೆಲ್ಲರೂ ನಮ್ಮ ನಮ್ಮ ಹಾಡಿನ ತಲೆಯ ಮೇಲೆ ಅತಿ ಖಾರದ ವಿಮರ್ಶೆಯನ್ನೇ ಅಂಟಿಸಿಕೊಂಡೆವು. ಚಿಕ್ಕಪ್ಪನ ಕೊಳಲಿನ ಮೇಲೆ ಕುಕ್ಕರ್ ಕೂತಿದೆ. ನನ್ನ ಹಾಡಿನ ಮೇಲೆ ಅಮ್ಮ ಊಟಕ್ಕೆ ಕರೆಯುತ್ತಾಳೆ.

ಹೊಸ ಹಾಡಿನ ಕೆಳಗೆ, ಹಾಡು ಹುಡುಕಿಕೊಂಡು ಬಂದ ಆ ದಪ್ಪ ಮನುಷ್ಯ ಬರೆದಿದ್ದಾನೆ: ‘ಈ ಹಾಡಿನಿಂದ ನನ್ನ ಬಸ್ಸು ತಪ್ಪಿತು. ಸಂಬಂಧಪಟ್ಟವರು ಉತ್ತರಿಸಬೇಕು.’

ದೂರುಗಳಿಗೆ ಉತ್ತರಿಸುವುದರಲ್ಲಿ ಅನುಭವ ಇರುವುದು ನನಗೊಬ್ಬನಿಗೇ. ಆದ್ದರಿಂದ ಪುಟದ ಪರವಾಗಿ ನಾನೇ ಟೈಪ್ ಮಾಡಿದೆ: ‘ನಿಮಗಾದ ತೊಂದರೆಗೆ ನಾವು ಚೂರೂ ವಿಷಾದಿಸುವುದಿಲ್ಲ.’