ಬಲಕ್ಕೆ ಬಿದ್ದ ಹೂವು

ಅಕ್ಕ, ಆ ದಿನ ಹೂವು ಎಡಕ್ಕೆ ಬೀಳಲಿಲ್ಲ. ಬಲಕ್ಕೇ ಬಿದ್ದಿತ್ತು. ನಾನು ನಿನಗೆ ಸುಳ್ಳು ಹೇಳಿದೆ.

ಇಷ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು ನೋಡು. ಎಷ್ಟೋ ಸಲ ಮಾತು ಬಾಯಿಯ ತನಕ ಬಂದಿತ್ತು — ನುಂಗಿಕೊಂಡೆ. ಈಗಲೂ ಬರೆದೇ ಹೇಳುತ್ತಿದ್ದೇನೆ, ಏಕೆಂದರೆ ನನ್ನ ಬಾಯಿಯ ಮೇಲೆ ನನಗೇ ನಂಬಿಕೆ ಇಲ್ಲ. ನಿನ್ನೆದುರು ನಿಂತರೆ ಅದು ಮತ್ತೇನಾದರೂ ಚೆಂದದ ಮಾತು ಹೊಸೆದೀತು. ಹೊಸೆಯುವುದರಲ್ಲಿ ಅದು ಮೊದಲಿನಿಂದಲೂ ಗಟ್ಟಿ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ, ಬೇಸರಿಸಬೇಡ. ನಡುವೆ ನಿನಗೆ ಗೊತ್ತಿಲ್ಲದ್ದು ಬರುತ್ತದೆ.

ತಲ್ಲೂರಿನ ಮನೆಗೆ ನಾನು ಕಿರಿಸೊಸೆಯಾಗಿ ಬಂದಾಗ ನೀನು ಹಿರಿಸೊಸೆ. ಮೊದಲ ದಿನ ನಾನು ‘ನೀವು’ ಅಂದದ್ದಕ್ಕೆ, “ನಾನೆಂತ ನಿನ್ನ್ ಅತ್ತಿಯಾ? ನೀನ್ ಅಂದ್ರೆ ಸಾಕ್” ಎಂದು ಗದರಿದೆ. ಬಾವ ಮುಂಬಯಿಯ ಹೋಟೆಲಿನಿಂದ ಕಾಯಿಲೆ ಹೊತ್ತು ಬಂದು ತೀರಿಕೊಂಡ ಮೇಲೆ ನೀನೂ ಪುಟ್ಟ ವೀಣಾಳೂ ಆ ಮನೆಯಲ್ಲೇ ಉಳಿದಿರಿ. ನಿಮ್ಮನ್ನು ಯಾರೂ ಹೊರೆ ಅನ್ನಲಿಲ್ಲ, ನಿಜ. ಆದರೆ ಮಗಳಿಗೊಂದು ರಿಬ್ಬನ್ ಬೇಕೆಂದರೂ ನೀನು ನನ್ನ ಗಂಡನ ಮುಖ ನೋಡಬೇಕಿತ್ತು. ಕೇಳುವ ಮೊದಲು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ. ಅದು ನನಗೆ ಕಾಣುತ್ತಿತ್ತು. ಕಂಡೂ ಕಾಣದ ಹಾಗೆ ಇರುತ್ತಿದ್ದೆ.

ತೊಂಬತ್ತೆಂಟರ ಬೇಸಿಗೆ ಇರಬೇಕು. ಕೋಡಿಯಲ್ಲಿ ಸಮುದ್ರದ ಬದಿಗೆ ದೊಡ್ಡ ಮನೆ ಕಟ್ಟಿಸುತ್ತಿದ್ದ ಮುಂಬಯಿ ಹೋಟೆಲಿನ ಯಜಮಾನರೊಬ್ಬರು ಯಾವುದೋ ಕೆಲಸಕ್ಕೆ ನಮ್ಮ ಮನೆಗೆ ಬಂದರು. ಬಂದವರು ಬಂದ ಕೆಲಸ ಮರೆತು ಅಂಗಳದಲ್ಲೇ ನಿಂತರು. ದಾಸವಾಳ, ರಥಪುಷ್ಪ, ಗೋರಂಟಿ — ಎಲ್ಲರ ಮನೆಯಲ್ಲಿ ಇರುವ ಗಿಡಗಳೇ. ನೀನು ಅವನ್ನು ನೆಟ್ಟ ರೀತಿ ಬೇರೆ ಇತ್ತು. ಬ್ರಹ್ಮಾವರದಲ್ಲಿ ಕೈತೋಟದ ವಿನ್ಯಾಸ ಕಲಿಸುವ ತರಗತಿ ಶುರುವಾಗಿದೆಯಂತೆ, ಒಂದು ವರ್ಷ ಕಲಿತು ಬನ್ನಿ, ನನ್ನ ಅಂಗಳವನ್ನು ನಿಮ್ಮ ಕೈಗೇ ಕೊಡುತ್ತೇನೆ ಎಂದು ಅವರು ನಿನಗೆ ಹೇಳಿ ಹೋದರು.

ಆವತ್ತಿನಿಂದ ನೀನು ಬೇರೆಯೇ ಹೆಂಗಸಾದೆ. ಒಲೆಯ ಬೂದಿಯ ಮೇಲೆ ಕಡ್ಡಿಯಲ್ಲಿ ಗೆರೆ ಎಳೆಯುತ್ತಿದ್ದೆ. ಬಟ್ಟೆ ಒಗೆಯುವಾಗ ಹಾಡುತ್ತಿದ್ದೆ. “ಹೆಣೆ, ನಾನೊಂದ್ ಕೈಕೆಲ್ಸ ಕಲ್ತ್ರೆ ವೀಣಂಗೆ ಯಾರ್ ಹಂಗೂ ಇಲ್ಲೆ ಅಲ್ದಾ?” ಎಂದು ಕೇಳಿದ್ದೆ. ನನ್ನನ್ನು ನೀನು ಪ್ರೀತಿಯಿಂದ ಕರೆಯುತ್ತಿದ್ದದ್ದೇ ‘ಹೆಣೆ’ ಎಂದು. ನಾನು “ಹೌದಕ್ಕ” ಅಂದಿದ್ದೆ. ಅಷ್ಟರಲ್ಲಿ ಅತ್ತೆ ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದು, “ಅವ್ಳ್ ದಿನಾ ಬ್ರಹ್ಮಾವರ ಅಂದ್ಕಂಡ್ ಹೊರಟ್ರೆ ಈ ದನ, ಗಂಜಿ, ನನ್ನ್ ಎಣ್ಣೆ-ನೀರ್ — ಎಲ್ಲ ನಿನ್ನ್ ತಲಿಗೇ. ಕಂಡ್ಕೊ” ಎಂದಿದ್ದರು. ನಾನಾಗ ಬಸುರಿ. ಸಗಣಿಯ ವಾಸನೆಗೇ ವಾಂತಿ ಬರುತ್ತಿತ್ತು.

ಬಸುರಿ ಅನ್ನುವುದನ್ನು ನೆಪವಾಗಿ ಬರೆಯಲಿಲ್ಲ ಅಕ್ಕ. ಬಸುರಿಯರೆಲ್ಲ ಸುಳ್ಳು ಹೇಳುವುದಿಲ್ಲ.

ನಮ್ಮ ಕಡೆ ಇಂಥದ್ದೊಂದು ತೀರ್ಮಾನ ಆಗಬೇಕಾದರೆ ದೇವರ ಹತ್ತಿರ ಹೂವಿನ ಪ್ರಸಾದ ಕೇಳುವುದು ಇದ್ದದ್ದೇ. ಭಟ್ಟರು ದೇವರ ಮೇಲೆ ಹೂವಿಟ್ಟು, ಕೇಳಬೇಕಾದ್ದನ್ನು ಗಟ್ಟಿಯಾಗಿ ಬಿನ್ನವಿಸಿ ಕಾಯುತ್ತಾರೆ. ಹೂವು ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ. ಆಮೇಲೆ ಅದರ ಮೇಲೆ ಮಾತಿಲ್ಲ. ಗಂಡ ಇಲ್ಲದ ಹೆಂಗಸು ದಿನಾ ಬಸ್ಸು ಹತ್ತುವುದು ಸರಿಯೋ ತಪ್ಪೋ ಎಂದು ಮನೆಯಲ್ಲಿ ಗುಸುಗುಸು ಶುರುವಾದಾಗ ನೀನೇ, “ದೇವ್ರನ್ನೇ ಕೇಂಬ” ಅಂದೆ. ತರಗತಿಗೆ ಹೆಸರು ಕೊಡಲು ಮರುದಿನವೇ ಕೊನೆ. ಆ ಬೆಳಿಗ್ಗೆಯೇ ನೀನು ಮುಟ್ಟಾದೆ.

“ಹೆಣೆ, ನಾನ್ ದೇವಸ್ಥಾನದ್ ಬದಿಗ್ ಹೋಪಂಗಿಲ್ಲೆ. ನೀನೇ ಕೇಂಡ್ಕಂಡ್ ಬಾ. ಬಲಕ್ಕ್ ಬಿದ್ರೆ ಹೋತೆ. ಎಡಕ್ಕ್ ಬಿದ್ರೆ ಮತ್ತೆ ಸೊಲ್ಲೆತ್ತುದಿಲ್ಲೆ” ಅಂದೆ. ಇಷ್ಟು ದೊಡ್ಡ ಮಾತನ್ನು ನನ್ನ ಕೈಯಲ್ಲಿ ಕೊಟ್ಟು ಕಳಿಸಿದೆ — ನನ್ನ ಕೈಯಲ್ಲಿ!

ದೇವಸ್ಥಾನದಲ್ಲಿ ಭಟ್ಟರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅವರು ನಿನ್ನ ಹೆಸರು ಹೇಳಿ ಬಿನ್ನವಿಸಿದರು. ಹೆಚ್ಚು ಹೊತ್ತೂ ಕಾಯಿಸಲಿಲ್ಲ. ಕೆಂಪು ಕೇಪಳದ ಹೂವು ಬಲಗಡೆಗೆ, ಯಾರೋ ಎತ್ತಿಟ್ಟ ಹಾಗೆ, ಬಿತ್ತು. “ಬಲಕ್ಕಾಯ್ತ್ ಮಗಾ. ಧೈರ್ಯದಲ್ಲ್ ಹೋಪುಕ್ ಹೇಳ್ ಅವ್ಳಿಗೆ” ಎಂದು ಭಟ್ಟರು ಅದೇ ಹೂವನ್ನು ಬಾಳೆಲೆಯ ಚೂರಿನಲ್ಲಿ ಕಟ್ಟಿಕೊಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ — ಇಲ್ಲಿ ಪೂಜಾರಿಯೂ ಕೊಟ್ಟಿದ್ದರು. ನಡುವೆ ನಾನಿದ್ದೆ.

ದಾರಿಯಲ್ಲಿ ಸುಳ್ಳು ಹೇಳಬೇಕೆಂದು ನಾನು ಯೋಚಿಸಿರಲಿಲ್ಲ. ಇಲ್ಲ, ಇದೂ ಪೂರ್ತಿ ನಿಜ ಅಲ್ಲ. ಯೋಚಿಸಿರದಿದ್ದರೆ ಆ ಬಾಳೆಲೆಯ ಚೂರನ್ನು ಗದ್ದೆಯ ತೋಡಿಗೆ ಏಕೆ ಎಸೆದೆ? ಎಸೆದು, ನೀರು ಅದನ್ನು ಒಯ್ಯುವ ತನಕ ನಿಂತು ನೋಡಿದೆ. ಇನ್ನೂ ಏನೂ ಹೇಳಿಲ್ಲವಲ್ಲ, ಬೇಕಾದರೆ ನಿಜವನ್ನೇ ಹೇಳಬಹುದಲ್ಲ ಎಂದು ನನಗೆ ನಾನೇ ಸಮಾಧಾನ ಮಾಡಿಕೊಳ್ಳುತ್ತಾ ಬಂದೆ.

ನೀನು ಹಿಂದಿನ ಜಗಲಿಯಲ್ಲಿ ದೂರ ಕೂತಿದ್ದೆ. ನನ್ನನ್ನು ಕಂಡವಳೇ ಎದ್ದು ನಿಂತೆ. “ಎಂತಾಯ್ತ್ ಹೆಣೆ? ಬಲಕ್ಕಾ?”

“ಎಡಕ್ಕ್ ಬಿತ್ತಕ್ಕ.”

ಅಷ್ಟೇ. ನನ್ನ ಜನ್ಮದಲ್ಲಿ ನಾನು ಆಡಿದ ಅತ್ಯಂತ ಚಿಕ್ಕ ಮಾತು ಅದೇ ಇರಬೇಕು. ನೀನು ಅಳಲಿಲ್ಲ. ಅತ್ತಿದ್ದರೆ ಬಹುಶಃ — ಬಿಡು, ಆ ‘ಬಹುಶಃ’ದಿಂದ ಯಾರಿಗೇನು ಪ್ರಯೋಜನ. “ಹೋಯ್ಲಿ ಬಿಡ್. ದೇವ್ರೇ ಬ್ಯಾಡ ಅಂದ್ರೆ ಮತ್ತೆಂತ ಮಾಡುದ್” ಅಂದೆ. ನನ್ನ ಬೆವರು ನೋಡಿ, “ನಿಂಗ್ ಬಿಸಿಲಲ್ಲ್ ನಡ್ದ್ ಸುಸ್ತಾಯ್ತ್ ಕಾಣ್, ಮಜ್ಜಿಗೆ ಕುಡಿ” ಅಂದೆ. ನಾನು ಮಜ್ಜಿಗೆ ಕುಡಿದೆ ಅಕ್ಕ. ಗಂಟಲಲ್ಲಿ ಸಲೀಸಾಗಿ ಇಳಿಯಿತು. ಥೂ ನನ್ನ ಜನ್ಮಕ್ಕೆ.

ಇಲ್ಲಿಗೇ ಮುಗಿದಿದ್ದರೆ ಸೋಮಾರಿತನಕ್ಕೆ ಮಾಡಿದ ತಪ್ಪು ಅಂತಲಾದರೂ ಹೇಳಿಕೊಳ್ಳಬಹುದಿತ್ತು. ಮುಗಿಯಲಿಲ್ಲ. ಮಗ ಹುಟ್ಟಿ, ಅವನು ಮೊಲೆಹಾಲು ಬಿಟ್ಟ ಮೇಲೆ, ಬ್ರಹ್ಮಾವರದ ಅದೇ ತರಗತಿಗೆ ಮತ್ತೆ ಜನ ಸೇರಿಸಿಕೊಳ್ಳುತ್ತಿದ್ದಾರೆಂಬ ಸುದ್ದಿ ಬಂತು. ನಾನು ಹೋಗುತ್ತೇನೆ ಅಂದೆ. ಎಲ್ಲಿಂದ ಬಂತು ನನಗೆ ಆ ಆಸೆ? ಕೋಡಿಯ ಯಜಮಾನರು ನಿನ್ನ ಅಂಗಳದಲ್ಲಿ ನಿಂತು ಹೊಗಳಿದ್ದು ನನ್ನ ಎದೆಯೊಳಗೆ ಮುಳ್ಳಿನ ಹಾಗೆ ಉಳಿದಿತ್ತು. ಅಂಥ ಮಾತು ನನಗೂ ಬೇಕಿತ್ತು. ಅದಕ್ಕಿಂತ ಒಳ್ಳೆಯ ಕಾರಣ ಹುಡುಕಿದರೂ ಸಿಗುವುದಿಲ್ಲ.

ನೀನೇನು ಮಾಡಿದೆ? “ಪ್ರಸಾದ ಕೇಣದೇ ಹೊರಡುಕಾಗ” ಎಂದು ನೀನೇ ದೇವಸ್ಥಾನಕ್ಕೆ ಹೋದೆ. ಹಳೆಯ ಭಟ್ಟರು ನಾನು ಸುಳ್ಳು ಹೇಳಿದ ಮಳೆಗಾಲದಲ್ಲೇ ತೀರಿಕೊಂಡು, ಪೂಜೆಗೆ ಬೇರೆಯವರು ಬಂದಿದ್ದರು. ನಾನು ಬರುವುದಿಲ್ಲ, ಮಗು ಮಲಗಿದೆ ಎಂದು ತಪ್ಪಿಸಿಕೊಂಡೆ. ಆ ದೇವರ ಮುಂದೆ ನಿಲ್ಲುವ ಧೈರ್ಯ ನನಗೆ ಎಲ್ಲಿಂದ ಬರಬೇಕು. ನೀನು ಏದುಸಿರು ಬಿಡುತ್ತಾ ಓಡಿ ಬಂದೆ. “ಬಲಕ್ಕ್ ಬಿತ್ತ್ ಮಾರಾಯ್ತಿ! ನಿಂಗೆ ಕೊಟ್ಟ ದೇವ್ರ್!” ನನಗಿಂತ ನಿನಗೇ ಹೆಚ್ಚು ಖುಷಿ. ಹೂವನ್ನು ನನ್ನ ಮುಡಿಗೆ ನೀನೇ ಸಿಕ್ಕಿಸಿದೆ.

ಆಗ ನನ್ನ ಮನಸ್ಸಿನಲ್ಲಿ ಎದ್ದ ಮೊದಲ ಯೋಚನೆ ಯಾವುದು ಹೇಳಲೇ? ಇವಳೂ ಸುಳ್ಳು ಹೇಳುತ್ತಿದ್ದಾಳೋ ಏನೋ ಅಂತ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವುದು ಸುಮ್ಮನೆ ಅಲ್ಲ. ನಿನ್ನನ್ನೂ ನನ್ನ ಸಾಲಿನಲ್ಲಿ ಕೂರಿಸಿ ಹಗುರಾಗಲು ನೋಡಿದೆ.

ಆ ಇಡೀ ವರ್ಷ ನಾನು ಬೆಳಿಗ್ಗೆ ಬಸ್ಸು ಹತ್ತಿದೆ, ನೀನು ದನ ಕರೆದೆ. ನನ್ನ ಬುತ್ತಿ ಕಟ್ಟಿದೆ. ನನ್ನ ಮಗನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅತ್ತೆಯ ಬೆನ್ನಿಗೆ ಎಣ್ಣೆ ತಿಕ್ಕಿದೆ. ನನ್ನ ತಲೆಗೆ ಬೀಳುತ್ತದೆಂದು ಹೆದರಿ ಸುಳ್ಳು ಹೇಳಿದೆನಲ್ಲ, ಆ ಕೆಲಸವನ್ನೆಲ್ಲ ನನಗಾಗಿ ನೀನು ಮಾಡಿದೆ. ಸಂಜೆ ನಾನು ಬಸ್ಸಿಳಿದು ಬಂದರೆ, “ಇವತ್ತ್ ಎಂತ ಹೇಳಿಕೊಟ್ರ್?” ಎಂದು ಎದುರು ಕೂರುತ್ತಿದ್ದೆ. ಅಂಗಳದ ಅಳತೆಯನ್ನು ಕಾಗದಕ್ಕೆ ಇಳಿಸುವುದು, ಇವತ್ತು ಮೊಣಕಾಲುದ್ದ ಇರುವ ಗಿಡಕ್ಕೆ ಹತ್ತು ವರ್ಷದ ಮೇಲಿನ ಕೊಂಬೆಯ ಹರವಿನಷ್ಟು ಜಾಗ ಬಿಡುವುದು, ಯಾವ ಹೊತ್ತಿಗೆ ನೆರಳು ಎಲ್ಲಿ ಬೀಳುತ್ತದೆಂದು ಗುರುತು ಹಾಕುವುದು, ಮಳೆನೀರು ಗೋಡೆಯ ಬುಡಕ್ಕೆ ಬರದಂತೆ ನೆಲಕ್ಕೆ ಇಳಿಜಾರು ಕೊಡುವುದು — ನಾನು ಹೇಳುತ್ತಾ ಹೋದಂತೆ ನೀನು ಬಾಯಿ ತೆರೆದು ಕೇಳುತ್ತಿದ್ದೆ, ಮಕ್ಕಳು ಕಥೆ ಕೇಳುವ ಹಾಗೆ. ಒಂದು ದಿನ ನನ್ನ ಸ್ಕೇಲು, ಪೆನ್ಸಿಲು ಮುಟ್ಟಿ ನೋಡಿ, ಮೊದಲು ಇದ್ದ ಹಾಗೇ ಇಟ್ಟೆ. ಗೆರೆ ಎಳೆದು ನೋಡು ಅಂತ ಒಂದು ಮಾತು ನನ್ನಿಂದ ಬರಲಿಲ್ಲ. ಆಯಾಸವಾಗಿದೆ ಎಂದು ಒಳಗೆ ಹೋದೆ. ನಿನ್ನ ಖುಷಿಯನ್ನು ನೋಡುತ್ತಾ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

ಕೋಡಿಯ ಅಂಗಳ ನನ್ನ ಮೊದಲ ಕೆಲಸವಾಯಿತು. “ನಿಮ್ಮ ಅಕ್ಕ ಬರಲಿಲ್ಲವೇ?” ಎಂದು ಯಜಮಾನರು ಕೇಳಿದರು. “ಅವರಿಗೆ ಅಷ್ಟು ಮನಸ್ಸಿಲ್ಲ” ಅಂದೆ. ಒಂದು ಸುಳ್ಳಿಗೆ ಮರಿ ಹಾಕುವುದು ಎಷ್ಟು ಸುಲಭ! ಆಮೇಲೆ ಬೈಂದೂರಿನ ಕಡೆಯ ರೆಸಾರ್ಟು, ಕುಂದಾಪುರದ ಕಲ್ಯಾಣ ಮಂಟಪ, ಊರಿಗೆ ಮರಳಿದವರ ಹೊಸ ಹೊಸ ಮನೆಗಳು — ನನಗೆ ಹೆಸರು ಬಂತು. ಆದರೆ ನಮ್ಮ ಜನ ಒಂದು ಹಳೆಯ ಹಲಸಿನ ಮರ ಕಡಿಯುವುದಿದ್ದರೂ ಹೂವು ಕೇಳುವವರು. “ನೀವೂ ಬನ್ನಿ ಅಮ್ಮಾ, ನಿಮ್ಮ ಎದುರೇ ಕೇಂಬ” ಅನ್ನುತ್ತಾರೆ. ನಾನು ದೇವಸ್ಥಾನದ ಹೊರಗೆ ಚಪ್ಪಲಿಗಳ ಪಕ್ಕ ನಿಲ್ಲುತ್ತೇನೆ. ಫೋನು ಬಂದಂತೆ ನಟಿಸುತ್ತೇನೆ. ನನಗೆ ಭಕ್ತಿ ಕಡಿಮೆ ಎಂದು ಅವರು ತಿಳಿದಿದ್ದಾರೆ.

ನಿನ್ನನ್ನು ಒಂದು ತರಗತಿಯಿಂದ ತಪ್ಪಿಸಿದೆ, ಅಷ್ಟೇ ನನ್ನ ಪಾಪ ಎಂದು ನಾನು ಇಷ್ಟು ವರ್ಷ ಲೆಕ್ಕ ಹಾಕಿಕೊಂಡಿದ್ದೆ. ಅಷ್ಟೇ ಅಲ್ಲವೆಂದು ಗೊತ್ತಾದದ್ದು ಹೋದ ತಿಂಗಳು, ಯಡ್ತರೆಯಲ್ಲಿ, ವೀಣಾಳ ಮನೆಯಲ್ಲಿ.

ಮದುವೆಯಾಗಿ ಅಲ್ಲಿ ಸಂಸಾರ ಹೂಡಿದ ಮಗಳು ನಿನ್ನನ್ನು ತನ್ನ ಹತ್ತಿರವೇ ಕರೆಸಿಕೊಂಡಿದ್ದಾಳೆ. ಮನೆಯ ಮುಂದಿನ ಖಾಲಿ ಜಾಗವನ್ನು ತೋರಿಸಿ, “ಕಾಣಿ ಚಿಕ್ಕಿ, ಇಲ್ಲೊಂದ್ ನರ್ಸರಿ ಮಾಡ್ ಅಂದ್ರೆ ಅಮ್ಮ ಕೇಂತಿಲ್ಲೆ. ನೀರಿತ್ತ್, ಜಾಗ ಇತ್ತ್, ಮಹಿಳಾ ಸಂಘದವ್ರ್ ಕೈ ಜೋಡಿಸ್ತೋ ಅಂತ್ರ್. ನೀವಾರೂ ಹೇಳಿ” ಅಂದಳು. ನೀನು ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತದೆಯೇ ಹೇಳಿದೆ:

“ನಂಗ್ ಅದ್ ಹೇಳಿದ್ದಲ್ಲ ಮಗಾ. ಅಂಗನವಾಡಿ ಕೆಲ್ಸಕ್ಕ್ ಕರದ್ರ್, ಹೋಯ್ಲಿಲ್ಲೆ. ಹೊಲಿಗೆ ಕಲಿ ಅಂದ್ರ್, ಕಲೀಲಿಲ್ಲೆ. ದೇವ್ರೇ ಒಂದ್ಸಲ ಬ್ಯಾಡ ಅಂದ ಮೇಲೆ ಮತ್ತೆ ಮತ್ತೆ ಕೈ ಚಾಚುಕಾಗ. ನಿನ್ನ್ ಚಿಕ್ಕಿಯನ್ನೇ ಕೇಣ್, ಕೇಂಡ್ಕಂಡ್ ಬಂದದ್ದ್ ಅವ್ಳೇ.”

ವೀಣಾ ನನ್ನ ಮುಖ ನೋಡಿದಳು. “ಹೌದಾ ಚಿಕ್ಕಿ?”

ದೇವರೇ ಎದುರು ಬಂದು ಬಾಗಿಲು ತೆರೆದು ಹಿಡಿದ ಹಾಗಿತ್ತು ಆ ಪ್ರಶ್ನೆ. ನಾನು “ಹೌದು” ಅಂದೆ. ಈಗ ಬಸುರಿಯಲ್ಲ, ಕೊಟ್ಟಿಗೆಯಿಲ್ಲ, ಅತ್ತೆ ಇಲ್ಲ, ತಲೆಯ ಮೇಲೆ ಬೀಳುವ ಕೆಲಸ ಒಂದೂ ಇಲ್ಲ — ಆದರೂ ಹೌದು ಅಂದೆ. ನಿನ್ನ ಕಣ್ಣಿನಲ್ಲಿ ಸಣ್ಣವಳಾಗುತ್ತೇನಲ್ಲ ಎಂಬ ಭಯಕ್ಕೆ ನಿನ್ನ ಉಳಿದ ಆಯುಷ್ಯವನ್ನೂ ಕೊಟ್ಟುಬಿಟ್ಟೆ. ಊಟಕ್ಕೆ ನಿಲ್ಲು ಅಂದೆ ನೀನು. ನಿಲ್ಲಲಿಲ್ಲ. ಬಸ್ಸಿನಲ್ಲಿ ತಲ್ಲೂರಿನ ತನಕ ಅತ್ತುಕೊಂಡು ಬಂದೆ; ಅಳುವುದರಿಂದ ನಿನಗೇನೂ ಆಗಲಿಲ್ಲ.

ನೀನು ಏನನ್ನೂ ಬೇಡದ ಹೆಂಗಸು, ತೃಪ್ತಳು, ದೇವರಂಥವಳು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನೇ. ನಿನಗೆ ಆಸೆ ಇರಲಿಲ್ಲ ಅಂತಲ್ಲ. ಆಸೆಪಡುವ ಹಕ್ಕೇ ನಿನಗಿಲ್ಲವೆಂದು ನೀನು ನಂಬಿದ್ದೆ. ನನ್ನ ಒಂದು ಮಾತನ್ನು ನಂಬಿ.

ನಾಳೆ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ ಅಕ್ಕ. ವೀಣಾ ಮನೆಯಲ್ಲಿರುವ ಹೊತ್ತಿಗೇ ಬರುತ್ತೇನೆ. ಅವಳೆದುರು ಹೌದು ಅಂದವಳು ಅವಳೆದುರೇ ಅಲ್ಲ ಅನ್ನಬೇಕು. ಈ ಕಾಗದವನ್ನು ಕೈಯಲ್ಲೇ ತಂದು ನಿಮ್ಮಿಬ್ಬರೆದುರು ಪೂರ್ತಿ ಓದುತ್ತೇನೆ, ನಡುವೆ ನಿಲ್ಲಿಸಿ ಸಮಜಾಯಿಷಿ ಹೇಳುವುದಿಲ್ಲ. ಕ್ಷಮಿಸು ಎಂದು ಕೇಳಲೂ ಬರುತ್ತಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಗುಣ ಅಂಥದ್ದು. ಮತ್ತೆ ನನ್ನ ಕೆಲಸವನ್ನು ನಿನ್ನ ಕೈಯಲ್ಲಿ ಮಾಡಿಸಿಕೊಂಡ ಹಾಗಾಗುತ್ತದೆ. ಬೈಯಬೇಕೆನಿಸಿದರೆ ಬೈ. ಹೊರಗೆ ಹೋಗು ಅಂದರೆ ಹೋಗುತ್ತೇನೆ. ಒಂದು ಮಾತು ಮಾತ್ರ ನಿನ್ನ ಕಿವಿಗೆ ಬೀಳುವ ತನಕ ಬಾಗಿಲಲ್ಲಿ ನಿಲ್ಲಲು ಬಿಡು.

ದೇವರು ನಿನಗೆ ಯಾವತ್ತೂ ಬೇಡ ಅಂದಿರಲಿಲ್ಲ ಅಕ್ಕ. ಅಂದವಳು ನಾನು.